ದಾರಿ ಬಿಟ್ಟು ನಿಲ್ಲುವ ವಿದ್ಯೆ

ಪಟ್ಟಣದ ಮನೆಯಲ್ಲಿ ವಾಸವಾಗಿರುವವನಿಗೆ ತಾನೊಬ್ಬ ಸಣ್ಣ ಚಕ್ರವರ್ತಿಯೆಂಬ ಭ್ರಮೆ ಹುಟ್ಟುವುದು ಸಹಜ. ಗೋಡೆಯ ಮೇಲಿನ ಒಂದು ಗುಂಡಿಯನ್ನು ಒತ್ತಿದರೆ ಗಾಳಿ ಬೀಸುತ್ತದೆ. ಮತ್ತೊಂದನ್ನು ಒತ್ತಿದರೆ ಕತ್ತಲೆ ಓಡುತ್ತದೆ. ನಲ್ಲಿಯನ್ನು ತಿರುಗಿಸಿದರೆ ಗಂಗೆ ಇಳಿದು ಬರುತ್ತಾಳೆ. ರಾವಣನ ಅರಮನೆಯಲ್ಲಿ ವಾಯುದೇವನು ಕಸ ಗುಡಿಸುತ್ತಿದ್ದನು, ವರುಣನು ನೀರು ಚಿಮುಕಿಸುತ್ತಿದ್ದನು, ಅಗ್ನಿಯು ಅಡಿಗೆಮನೆಯಲ್ಲಿ ದುಡಿಯುತ್ತಿದ್ದನು ಎಂದು ಹರಿಕಥೆಯ ದಾಸರು ವರ್ಣಿಸುವುದನ್ನು ಕೇಳಿ ಚಿಕ್ಕಂದಿನಲ್ಲಿ ನಾವೆಲ್ಲರೂ ಬೆರಗಾದವರೇ. ಈಗ ಎರಡು ಕೋಣೆಯ ಬಾಡಿಗೆ ಮನೆಯಲ್ಲಿಯೂ ಆ ಮೂವರು ದೇವತೆಗಳು ಕೈಕಟ್ಟಿ ನಿಂತಿದ್ದಾರೆ. ತಿಂಗಳ ಕೊನೆಗೆ ಬಿಲ್ಲು ಪಾವತಿ ಮಾಡಬೇಕು, ಅಷ್ಟೇ ವ್ಯತ್ಯಾಸ.

ಆದರೆ ಒಂದು ಸಂಜೆ ಬಿರುಗಾಳಿಯೆದ್ದು ಬೀದಿಯ ಮರವೊಂದು ತಂತಿಯ ಮೇಲೆ ಬಿತ್ತೆಂದರೆ ಸಾಮ್ರಾಜ್ಯವೆಲ್ಲ ಕ್ಷಣಾರ್ಧದಲ್ಲಿ ಕರಗಿಹೋಗುತ್ತದೆ. ಚಕ್ರವರ್ತಿಯು ಮೇಣದ ಬತ್ತಿಗಾಗಿ ತಡಕಾಡುತ್ತ ಮಂಚದ ಕಾಲಿಗೆ ಎಡವುತ್ತಾನೆ. ಮಹಾರಾಣಿಯವರು ಬೆಂಕಿಪೆಟ್ಟಿಗೆಯನ್ನು ಎಲ್ಲಿಟ್ಟಿದ್ದಾರೆಂಬುದೂ ಅವನಿಗೆ ತಿಳಿಯದು.

ಇಂತಹ ಸಂಜೆಗಳಲ್ಲಿ ಎರಡು ಬಗೆಯ ಮಾತುಗಳು ಕಿವಿಗೆ ಬೀಳುತ್ತವೆ. ಚಂದ್ರಲೋಕಕ್ಕೆ ಹೋಗಿ ಬಂದ ಮನುಷ್ಯನು ಇಷ್ಟು ಸಣ್ಣ ಗಾಳಿಮಳೆಯನ್ನು ತಡೆಯಲಾರನೆ ಎಂಬುದು ಒಂದು. ಎಲ್ಲವೂ ವಿಧಿಯ ಆಟ, ನಮ್ಮ ಕೈಯಲ್ಲಿ ಏನಿದೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಅಹಂಕಾರವಿದೆ, ಎರಡನೆಯದರಲ್ಲಿ ಆಲಸ್ಯವಿದೆ. ಇವೆರಡರ ನಡುವೆ ಮೂರನೆಯ ಮಾತೊಂದು ಇದೆಯೆಂದೂ, ಮನುಷ್ಯನ ಪ್ರಾಣ ಉಳಿದಿರುವಲ್ಲೆಲ್ಲ ಆ ಮೂರನೆಯದರಿಂದಲೇ ಉಳಿದಿದೆಯೆಂದೂ ನನಗೆ ತೋರಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ನಮ್ಮ ಹಿರಿಯರು ನಾಡಿಗೆ ಒದಗುವ ಪೀಡೆಗಳನ್ನು ‘ಈತಿಬಾಧೆ’ ಎಂದು ಕರೆದು ಆರು ವಿಧವಾಗಿ ಎಣಿಸಿದರು: ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ ಮತ್ತು ಗಡಿಗೆ ಸಮೀಪವಾದ ಅರಸರು. ಅರಸರನ್ನು ಇಲಿ ಮಿಡತೆಗಳ ಸಾಲಿನಲ್ಲಿ ಕೂರಿಸಿದವನ ಧೈರ್ಯವನ್ನು ಮೆಚ್ಚಬೇಕು. ಈ ಆರರಲ್ಲಿ ಮೊದಲ ಸ್ಥಾನ ಹೆಚ್ಚು ಮಳೆಗೆ, ಎರಡನೆಯದು ಮಳೆಯಿಲ್ಲದಿರುವುದಕ್ಕೆ. ಒಂದೇ ಮಳೆಯ ಎರಡು ಮುಖಗಳು. ರೈತರು ಇಪ್ಪತ್ತೇಳು ನಕ್ಷತ್ರಗಳಲ್ಲಿ ಮಳೆಯ ನಕ್ಷತ್ರಗಳನ್ನು ಆಯ್ದು, ಒಂದೊಂದರ ಗುಣವನ್ನೂ ಮನೆಯ ಮಕ್ಕಳ ಗುಣದಂತೆ ಬಲ್ಲವರಾಗಿದ್ದರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು. ಈ ಗಾದೆಗಳಲ್ಲಿ ಮಳೆಯನ್ನು ಆಳುತ್ತೇನೆಂಬ ಮಾತಿಲ್ಲ. ಬಂದರೆ ಏನು ಮಾಡಬೇಕು, ಬಾರದಿದ್ದರೆ ಏನು ಗತಿ ಎಂಬ ಲೆಕ್ಕಾಚಾರ ಮಾತ್ರ ಇದೆ.

ಆಳುವ ಆಸೆ ಮನುಷ್ಯನಿಗೆ ಇಲ್ಲದಿರಲಿಲ್ಲ. ಮಳೆ ತಡವಾದರೆ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹುಡುಗನ ತಲೆಯ ಮೇಲೆ ಗುರ್ಜಿಯನ್ನು ಹೊರಿಸಿ ಮನೆಮನೆಯ ಮುಂದೆ ನೀರು ಸುರಿಸುತ್ತಾರೆ. ಕೆಲವೆಡೆ ಕಪ್ಪೆಗೆ ಮದುವೆ ಮಾಡುತ್ತಾರೆ. ವಿಜ್ಞಾನಿಗಳು ಇನ್ನೊಂದು ದಾರಿಯನ್ನು ಹಿಡಿದರು. ಅಮೆರಿಕ ದೇಶದವರು 1962ರಿಂದ 1983ರವರೆಗೆ, ಇಪ್ಪತ್ತೊಂದು ವರ್ಷ, ವಿಮಾನಗಳಲ್ಲಿ ಹೋಗಿ ಚಂಡಮಾರುತದ ಒಡಲಿಗೆ ಸಿಲ್ವರ್ ಅಯೋಡೈಡ್ ಎಂಬ ರಾಸಾಯನಿಕವನ್ನು ಸುರಿದು ಅದರ ಬಲವನ್ನು ಕುಗ್ಗಿಸಲು ಯತ್ನಿಸಿದರು. ‘ಸ್ಟಾರ್ಮ್‌ಫ್ಯೂರಿ’ ಎಂಬುದು ಆ ಯೋಜನೆಯ ಹೆಸರು. ಬಿತ್ತನೆಯ ಅನಂತರ ಕೆಲವು ಮಾರುತಗಳು ಬಲಗುಂದಿದಂತೆ ಕಂಡವು. ಆದರೆ ಬಿತ್ತನೆಯಿಲ್ಲದೆಯೂ ಮಾರುತಗಳು ಹಾಗೆಯೇ ಏರಿ ಇಳಿಯುತ್ತವೆಯೆಂದು ತಿಳಿದುಬಂದಾಗ ಯೋಜನೆಯನ್ನು ಕೈಬಿಡಬೇಕಾಯಿತು. ನಮ್ಮ ರಾಜ್ಯದಲ್ಲಿಯೂ 2003ರಲ್ಲಿ ‘ವರುಣ’ ಎಂದೂ 2017ರಲ್ಲಿ ‘ವರ್ಷಧಾರಿ’ ಎಂದೂ ಮೋಡ ಬಿತ್ತನೆ ನಡೆಯಿತು. ಬಿತ್ತುವುದಕ್ಕೆ ಮೊದಲು ಮೋಡ ಇರಬೇಕು. ಇಲ್ಲದ ಮೋಡವನ್ನು ತರುವ ವಿಮಾನ ಇನ್ನೂ ಹುಟ್ಟಿಲ್ಲ.

ಹಾಗಾದರೆ ವಿಜ್ಞಾನ ಬೆಳೆದುದರಿಂದ ಏನೂ ಆಗಲಿಲ್ಲವೆ? ಆಗಿದೆ, ಬಹಳವಾಗಿಯೇ ಆಗಿದೆ. 1876ರಿಂದ 1878ರವರೆಗೆ ದಕ್ಷಿಣ ದೇಶವನ್ನು ಸುಟ್ಟ ಬರವನ್ನು ಹಳೆಯ ಮೈಸೂರಿನ ಜನರು ಧಾತು ಈಶ್ವರ ಸಂವತ್ಸರಗಳ ಕ್ಷಾಮವೆಂದು ತಲೆತಲಾಂತರದವರೆಗೆ ನೆನೆದರು. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು 10 ಲಕ್ಷ ಮಂದಿ, ಎಂದರೆ ಐವರಲ್ಲಿ ಒಬ್ಬರಂತೆ, ಸತ್ತರು. ಅದೇ ವರ್ಷಗಳಲ್ಲಿ ಹಿಂದೂದೇಶದ ಬಂದರುಗಳಿಂದ ಗೋಧಿಯು ಹಡಗು ಹಡಗಾಗಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಈಗ 2009ನೆಯ ವರ್ಷವನ್ನು ನೋಡೋಣ. ಆ ವರ್ಷದ ಮುಂಗಾರು ಇಡೀ ದೇಶದ ಮೇಲೆ ವಾಡಿಕೆಗಿಂತ ನೂರಕ್ಕೆ 22ರಷ್ಟು ಕಡಿಮೆಯಾಯಿತು. ಹಲವು ದಶಕಗಳಲ್ಲಿಯೇ ಕೆಟ್ಟ ಬರಗಳಲ್ಲಿ ಅದೂ ಒಂದು. ರೈತರು ನಷ್ಟಪಟ್ಟರು, ಸಾಲಕ್ಕೆ ಬಿದ್ದರು, ಗುಳೆ ಹೋದರು. ಆದರೆ ಧಾತು ಈಶ್ವರದಂತೆ ಬೀದಿಬೀದಿಗಳಲ್ಲಿ ಹೆಣಗಳು ಬೀಳಲಿಲ್ಲ. ಮೋಡದ ಮೇಲೆ ನಮ್ಮ ಅಧಿಕಾರ 1876ರಲ್ಲಿ ಎಷ್ಟಿತ್ತೋ 2009ರಲ್ಲಿಯೂ ಅಷ್ಟೇ ಇತ್ತು. ಉಗ್ರಾಣದಲ್ಲಿ ಧಾನ್ಯವಿತ್ತು, ಅದನ್ನು ಸಾಗಿಸಲು ರೈಲಿತ್ತು, ಹಂಚಲು ಪಡಿತರದ ಅಂಗಡಿಯಿತ್ತು, ಕೇಳುವುದಕ್ಕೆ ಜನರಿಗೆ ಬಾಯಿ ಇತ್ತು. ನಿಸರ್ಗವು ಮಾಡುವುದನ್ನು ಮಾಡುತ್ತದೆ. ಅದರಿಂದ ಎಷ್ಟು ಜನ ಸಾಯಬೇಕೆಂಬುದರಲ್ಲಿ ಮಾತ್ರ ನಮ್ಮ ಪಾಲೂ ಇದೆ.

ಆ 2009ನೆಯ ವರ್ಷವನ್ನು ನಾನು ಮರೆಯದಿರುವುದಕ್ಕೆ ಬೇರೊಂದು ಕಾರಣವಿದೆ. ನನ್ನ ಸೋದರತ್ತೆಯನ್ನು ಕೊಟ್ಟ ಊರು ಮಲಪ್ರಭೆಯ ದಂಡೆಯ ಮೇಲಿದೆ. ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ಪಟ್ಟದಕಲ್ಲು ಐಹೊಳೆಗಳ ಗುಡಿಗಳನ್ನು ಸವರಿಕೊಂಡು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿ ಅದು. ಬೇಸಿಗೆಯ ರಜೆಗೆ ಹೋದಾಗ ನಾವು ಕಂಡ ಮಲಪ್ರಭೆ ಬಹು ಬಡಕಲು. ಚಡ್ಡಿ ಮೇಲೆತ್ತಿಕೊಂಡರೆ ದಾಟಿಬಿಡಬಹುದಾಗಿತ್ತು. ಆ ವರ್ಷದ ಆಷಾಢದಲ್ಲಿ ಅತ್ತೆಯ ಊರಿನಲ್ಲಿಯೂ ಗುರ್ಜಿಯನ್ನು ಆಡಿಸಿದ್ದರು. ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಬಂಗಾಳ ಕೊಲ್ಲಿಯಿಂದ ವಾಯುಭಾರ ಕುಸಿತವೊಂದು ಒಳನಾಡಿಗೆ ಸರಿದು ಬಂದಿತು. ನಾಲ್ಕು ತಿಂಗಳು ಬಾರದಿದ್ದ ಮಳೆ ಮೂರು ನಾಲ್ಕು ದಿನಗಳಲ್ಲಿ ಸುರಿಯಿತು. ಅಕ್ಟೋಬರ್ 2ರಂದು ತುಂಗಭದ್ರೆಯು ಮಂತ್ರಾಲಯವನ್ನು ಮುಳುಗಿಸಿತು. ಕರ್ನೂಲು ಪಟ್ಟಣ ನೀರಿನಲ್ಲಿ ನಿಂತಿತು. ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅನಾವೃಷ್ಟಿಯ ಬೆನ್ನಿಗೇ ಅತಿವೃಷ್ಟಿ! ಈತಿಬಾಧೆಗಳ ಪಟ್ಟಿಯನ್ನು ಮಾಡಿದವನೂ ಎರಡನ್ನು ಒಂದೇ ಋತುವಿನಲ್ಲಿ ಬಯಸಿರಲಾರ.

ನೀರು ಇಳಿದು ಬಸ್ಸುಗಳು ಓಡತೊಡಗಿದ ಮೇಲೆ ನಾನು ಹೋದೆನು. ಊರಿನ ಮನೆಗಳು ಮಣ್ಣಿನ ಗೋಡೆಯವು. ಇಂತಹ ಗೋಡೆ ನೆರೆಯಿರುವಾಗ ನಿಂತಿದ್ದು, ನೀರು ಇಳಿದ ಅನಂತರ ಬಿಸಿಲು ಬಿದ್ದಾಗ ಕುಸಿಯುತ್ತದೆಂದು ಅಲ್ಲಿಯೇ ನನಗೆ ತಿಳಿದದ್ದು. ಅತ್ತೆಯ ಮನೆಯ ಅರ್ಧ ಭಾಗ ಉಳಿದಿತ್ತು. ದೀಪವಿಡುವ ಗೂಡಿಗಿಂತ ಒಂದು ಗೇಣು ಮೇಲೆ, ಗೋಡೆಯುದ್ದಕ್ಕೂ ಕೆಸರಿನ ಗೆರೆಯೊಂದು ನೂಲು ಹಿಡಿದು ಎಳೆದಂತೆ ಕಾಣುತ್ತಿತ್ತು. ಹಗೇವಿನೊಳಗಿದ್ದ ಜೋಳ ನೆನೆದು ಕೊಳೆತು ಓಣಿಯೆಲ್ಲ ಹುಳಿ ನಾತ. ಪಡಿತರ ಚೀಟಿ, ಹೊಲದ ಉತಾರ, ಮಗನ ಮದುವೆಯ ಫೋಟೋ, ಇವೆಲ್ಲ ಅಂಗಳದಲ್ಲಿ ಒಂದೊಂದು ಕಲ್ಲು ಹೇರಿಸಿಕೊಂಡು ಒಣಗುತ್ತಿದ್ದವು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಎಮ್ಮೆಯನ್ನು ರಾತ್ರಿಯ ಗಡಿಬಿಡಿಯಲ್ಲಿ ಯಾರೂ ಬಿಚ್ಚಿರಲಿಲ್ಲ.

“ಹೊಳಿ ಬರೂದು ಹೊಸಾದೇನಲ್ಲೋ ತಮ್ಮಾ,” ಎಂದಳು ಅತ್ತೆ. “ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ನೋಡಾಕತ್ತೀನಿ. ಅಂಗಳತನಾ ಬಂದು ಕಾಲ ತೊಳಕೊಂಡು ಹೊಳ್ಳಿ ಹೋಗತಿತ್ತು. ಈ ಸಲ ಅಡಗಿಮನಿಗೇ ಬಂತು.”

ಆಮೇಲೆ ಬಹಳ ಹೊತ್ತು ಅವಳು ಎಮ್ಮೆಯ ಮಾತನ್ನೇ ಆಡಿದಳು.

ಅಣೆಕಟ್ಟುಗಳಿರುವಾಗ ಹೀಗೇಕಾಗಬೇಕು ಎಂದು ಓದುಗರು ಕೇಳಬಹುದು. ನಾನೂ ತಿಳಿದವರನ್ನು ಕೇಳಿದೆನು. ಜಲಾಶಯಕ್ಕೆ ನಾವು ಒಂದಕ್ಕೊಂದು ಒಗ್ಗದ ಎರಡು ಕೆಲಸಗಳನ್ನು ವಹಿಸಿದ್ದೇವೆ. ಬೇಸಿಗೆಗೆ ನೀರುಣಿಸಬೇಕಾದರೆ ಮಳೆಗಾಲದ ಕೊನೆಗೆ ಅದು ತುಂಬಿರಬೇಕು. ನೆರೆಯನ್ನು ತಡೆಯಬೇಕಾದರೆ ಅದು ಬರಿದಾಗಿರಬೇಕು. ಸೆಪ್ಟೆಂಬರಿನಲ್ಲಿ ತುಂಬಿದ ಕೊಡದಂತಿರುವ ಜಲಾಶಯಕ್ಕೆ ಅಕ್ಟೋಬರಿನ ದೊಡ್ಡ ಮಳೆ ಬಂದರೆ, ಬಂದಷ್ಟನ್ನೂ ಕೆಳಗೆ ಬಿಡದೆ ಗತ್ಯಂತರವಿಲ್ಲ. ಬಿಟ್ಟ ನೀರನ್ನು ಕ್ಯೂಸೆಕ್ಸಿನಲ್ಲಿ ಅಳೆಯುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು, ನಮ್ಮ ಮನೆಯ ಎರಡು ಕೊಡ. ಆ ಅಕ್ಟೋಬರಿನಲ್ಲಿ ಕೃಷ್ಣೆಯ ಕೆಳಭಾಗದ ಶ್ರೀಶೈಲಕ್ಕೆ ಹರಿದುಬಂದುದು 25 ಲಕ್ಷ ಕ್ಯೂಸೆಕ್ಸಿನಷ್ಟು. ಅಲ್ಲಿಯ ಬಾಗಿಲುಗಳನ್ನು ರಚಿಸಿದ್ದು ಸುಮಾರು 19 ಲಕ್ಷಕ್ಕೆ. ಪ್ರತಿ ಸೆಕೆಂಡಿಗೂ ಏಳು ಕೋಟಿ ಲೀಟರು! ಲೆಕ್ಕ ಹಾಕಿದ ಎಂಜಿನಿಯರರು ದಡ್ಡರಲ್ಲ. ನದಿಯು ಅವರ ಪುಸ್ತಕವನ್ನು ಓದಿರಲಿಲ್ಲ, ಅಷ್ಟೆ.

ಅಣೆಕಟ್ಟಿನಿಂದ ಇನ್ನೂ ಒಂದು ಸೂಕ್ಷ್ಮವಾದ ಪರಿಣಾಮವಾಗುತ್ತದೆ. ಹತ್ತು ಹದಿನೈದು ವರ್ಷ ನದಿ ತೆಳ್ಳಗೆ ಹರಿದರೆ ದಂಡೆಯವರಿಗೆ ಅದರ ನಿಜವಾದ ಅಗಲ ಮರೆತುಹೋಗುತ್ತದೆ. ಒಂದು ಗುಂಟೆ ಕಬ್ಬು, ಒಂದು ಪಂಪುಸೆಟ್ಟು, ಒಂದು ಗುಡಿಸಲು, ಹೀಗೆ ನಾವು ಪಾತ್ರದೊಳಕ್ಕೆ ಇಳಿಯುತ್ತೇವೆ. ನದಿಗೆ ಮರೆವು ಎಂಬುದಿಲ್ಲ.

ತಡೆಯಲಾರದುದರ ಮುಂದೆ ಏನು ಮಾಡಬಹುದೆಂಬುದನ್ನು ಕಾಣಲು ಮಲಪ್ರಭೆಯಿಂದ ಸ್ವಲ್ಪ ದೂರ, ಆ ವಾಯುಭಾರ ಕುಸಿತಗಳು ಹುಟ್ಟುವ ಬಂಗಾಳ ಕೊಲ್ಲಿಯ ತೀರಕ್ಕೇ ಹೋಗಬೇಕು. 1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪದ ಬಳಿ ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದ ಚಂಡಮಾರುತ ನೆಲ ಮುಟ್ಟಿತು. ಸಮುದ್ರವು ಐದಾರು ಮೀಟರು ಎತ್ತರಕ್ಕೆ ಎದ್ದು ಒಳನಾಡಿಗೆ ನುಗ್ಗಿತು. ಎರಸಮಾ ಎಂಬ ಪ್ರದೇಶದಲ್ಲಿ ಹಳ್ಳಿಗಳಿಗೆ ಹಳ್ಳಿಗಳೇ ಕೊಚ್ಚಿಹೋದವು. ಹತ್ತು ಸಾವಿರದ ಸಮೀಪ ಜನ ಸತ್ತರು. ಮಾರುತ ಬರುತ್ತಿದೆಯೆಂಬ ಸುದ್ದಿ ಇರಲಿಲ್ಲವೆಂದಲ್ಲ. ಸುದ್ದಿ ತಲುಪಿದವನಿಗೆ ಓಡಿಹೋಗಿ ನಿಲ್ಲಲು ಗಟ್ಟಿಯಾದ ಸೂರು ಸಾಕಷ್ಟು ಇರಲಿಲ್ಲ.

ಹದಿನಾಲ್ಕು ವರ್ಷ ಕಳೆಯಿತು. 2013ರ ಅಕ್ಟೋಬರ್ 12ರಂದು ‘ಫೈಲಿನ್’ ಎಂಬ ಇನ್ನೊಂದು ಭೀಕರ ಮಾರುತ ಅದೇ ರಾಜ್ಯದ ಗೋಪಾಲಪುರದ ಬಳಿ ಬಂದಿತು. ಗಾಳಿಯ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರಿತ್ತು. ಆದರೆ ಅಷ್ಟರಲ್ಲಿ ಕರಾವಳಿಯುದ್ದಕ್ಕೂ ಕಂಬಗಳ ಮೇಲೆ ನಿಂತ ಕಾಂಕ್ರೀಟಿನ ಆಶ್ರಯಗೃಹಗಳು ಎದ್ದಿದ್ದವು. ಊರೂರಿನಲ್ಲಿ ಯಾರ ಮನೆಯ ಮುದುಕಿಯನ್ನು ಯಾರು ಎತ್ತಿಕೊಂಡು ಹೋಗಬೇಕೆಂಬುದೂ ಮೊದಲೇ ಗೊತ್ತಾಗಿತ್ತು. ಸುಮಾರು 10 ಲಕ್ಷ ಜನರು ಮಾರುತಕ್ಕೆ ಮೊದಲೇ ದಾರಿ ಬಿಟ್ಟು ಸರಿದರು. ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ಗಾಳಿ ಮನೆಗಳನ್ನು ಕೆಡವಿತು, ತೋಟಗಳನ್ನು ಮಲಗಿಸಿತು, ತನ್ನ ಕೆಲಸದಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ. ಅದು ಬಂದಾಗ ಮನೆಗಳಲ್ಲಿ ಜನರಿರಲಿಲ್ಲ. ನಾನು ಹೇಳಬೇಕೆಂದಿದ್ದ ಮೂರನೆಯ ಮಾತು ಇದೇ.

ಈ ಮಾತನ್ನು ಕೇಳದವರ ಕಥೆಯೂ ಇದೇ ಕೊಲ್ಲಿಯ ತೀರದಲ್ಲಿದೆ. ‘ಸೈಕ್ಲೋನ್’ ಎಂಬ ಇಂಗ್ಲಿಷ್ ಶಬ್ದವನ್ನು 1848ರಲ್ಲಿ ಟಂಕಿಸಿದವನು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಸುತ್ತಿಕೊಂಡ ಹಾವಿನ ಸುರುಳಿ ಎಂಬ ಅರ್ಥದ ಗ್ರೀಕ್ ಪದದಿಂದ ಅವನು ಅದನ್ನು ಪಡೆದನು. ಮಾತ್ಲಾ ನದಿಯ ಮುಖದ ಬಳಿ ಹೊಸದೊಂದು ಬಂದರನ್ನು ಕಟ್ಟುವ ಯೋಜನೆ ಸಿದ್ಧವಾದಾಗ, ಅಲ್ಲಿ ಕಡಲು ಎದ್ದು ಬಂದು ಎಲ್ಲವನ್ನೂ ಮುಳುಗಿಸುವ ಕಾಲ ಬರುತ್ತದೆಯೆಂದು 1853ರಲ್ಲಿ ಗವರ್ನರ್ ಜನರಲರಿಗೆ ಬರೆದು ಎಚ್ಚರಿಸಿದನು. ಅವರು ಬಂದರನ್ನು ಕಟ್ಟಿದರು. ವೈಸ್‌ರಾಯ್ ಕ್ಯಾನಿಂಗರ ಹೆಸರನ್ನೂ ಇಟ್ಟರು. ಪಿಡಿಂಗ್ಟನ್ 1858ರಲ್ಲಿ ತೀರಿಕೊಂಡನು. 1867ರಲ್ಲಿ ಮಾರುತ ಬಂದಿತು. ಕೆಲವೇ ವರ್ಷಗಳಲ್ಲಿ ಬಂದರನ್ನು ಬಿಟ್ಟು ಹೋಗಬೇಕಾಯಿತು. ದೊಡ್ಡ ಹೆಸರನ್ನಿಟ್ಟ ಮಾತ್ರಕ್ಕೆ ಸಮುದ್ರವು ಗೌರವ ತೋರಿಸುವುದಿಲ್ಲ.

ಇಂತಹ ತಿಳಿವಳಿಕೆಗೆ ವಿದ್ವಾಂಸರೇ ಬೇಕೆಂದಿಲ್ಲ. ಇಂಡೋನೇಷ್ಯಾ ದೇಶದ ಸುಮಾತ್ರಾದ ಬಳಿ ಸಿಮೆಲುವೆ ಎಂಬ ದ್ವೀಪವಿದೆ. 1907ರಲ್ಲಿ ಅಲ್ಲಿ ಭೂಕಂಪದ ಬೆನ್ನಿಗೆ ಸಮುದ್ರ ಮೇಲೆದ್ದು ಬಹಳ ಜನರನ್ನು ಕೊಂದಿತು. ಆ ನೆನಪನ್ನು ದ್ವೀಪದ ಅಜ್ಜಿಯರು ‘ಸ್ಮೋಂಗ್’ ಎಂಬ ಒಂದು ಮಾತಿನಲ್ಲಿ ಕಟ್ಟಿ, ಕಥೆಯಾಗಿ ಹಾಡಾಗಿ ಮೊಮ್ಮಕ್ಕಳಿಗೆ ಒಪ್ಪಿಸಿದರು: ನೆಲ ಬಲವಾಗಿ ನಡುಗಿ, ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರ ಡಿಸೆಂಬರ್ 26ರಂದು ಸುನಾಮಿ ಹುಟ್ಟಿದ್ದು ಈ ದ್ವೀಪದ ಸಮೀಪದಲ್ಲಿಯೇ. ದೂರದ ನಮ್ಮ ನಾಗಪಟ್ಟಣದಲ್ಲಿ ಸಾವಿರಾರು ಜನ ಸತ್ತರು. ಸಿಮೆಲುವೆಯ 78 ಸಾವಿರ ಜನರಲ್ಲಿ ಸತ್ತವರು ಏಳೇ ಮಂದಿ. ‘ಸ್ಮೋಂಗ್’ ಎಂಬ ಕೂಗು ಓಣಿಯಿಂದ ಓಣಿಗೆ ಹೋಗಿತ್ತು, ಊರಿಗೆ ಊರೇ ಗುಡ್ಡವನ್ನೇರಿತ್ತು. ನಮ್ಮ ದೇಶದಲ್ಲಿಯೂ 2007ರಿಂದ ಹೈದರಾಬಾದಿನಲ್ಲಿ ಸುನಾಮಿಯ ಮುನ್ಸೂಚನೆಯ ಕೇಂದ್ರ ಕೆಲಸ ಮಾಡುತ್ತಿದೆ. ಯಂತ್ರವೂ ಬೇಕು, ಅಜ್ಜಿಯೂ ಬೇಕು. ಯಂತ್ರದ ಮಾತನ್ನು ಕೇಳಿದೊಡನೆ ಕಾಲು ಮೇಲೇಳಬೇಕಾದರೆ ಅಜ್ಜಿಯ ಕಥೆ ಮೊದಲೇ ಎದೆಯಲ್ಲಿರಬೇಕು.

ಓಡಿಹೋಗುವುದು ಒಂದು ರಾತ್ರಿಯ ಕೆಲಸ. ಶಾಶ್ವತವಾಗಿ ಸರಿದು ನಿಲ್ಲುವುದು ಅದಕ್ಕಿಂತ ಕಷ್ಟ. ಜಪಾನಿನ ಅನೆಯೋಶಿ ಎಂಬ ಪುಟ್ಟ ಊರನ್ನು 1896ರಲ್ಲೊಮ್ಮೆ, 1933ರಲ್ಲೊಮ್ಮೆ ಸಮುದ್ರ ನಿರ್ನಾಮ ಮಾಡಿತು. ಉಳಿದ ಬೆರಳೆಣಿಕೆಯ ಜನರು ಗುಡ್ಡದ ಮೇಲೆ ಒಂದು ಕಲ್ಲನ್ನು ನೆಟ್ಟು, ಇದಕ್ಕಿಂತ ಕೆಳಗೆ ಯಾರೂ ಮನೆ ಕಟ್ಟಬಾರದೆಂದು ಕೆತ್ತಿಸಿದರು. ಅವರ ಮಕ್ಕಳು ಮೊಮ್ಮಕ್ಕಳು ಆ ಮಾತನ್ನು ನಡೆಸಿಕೊಂಡು ಬಂದರು. 2011ರ ಮಹಾ ಸುನಾಮಿಯ ನೀರು ಆ ಕಲ್ಲಿಗೆ ಸುಮಾರು ನೂರು ಮೀಟರು ಕೆಳಗೆ ನಿಂತಿತು. ಮೇಲಿನ ಮನೆಗಳಿಗೆ ಏನೂ ಆಗಲಿಲ್ಲ. ಕೇಳುವುದಕ್ಕೆ ಇದು ಸುಲಭವಾದ ನೀತಿಕಥೆ. ಆದರೆ ದಿನವೂ ಬೆಟ್ಟವನ್ನು ಇಳಿದು ಏರುವ ಮೀನುಗಾರನ ಮೊಣಕಾಲನ್ನು ಕೇಳಿದರೆ ಅದು ಬೇರೆಯೇ ಕಥೆಯನ್ನು ಹೇಳೀತು.

ನನ್ನ ಅತ್ತೆಯ ಊರಿನವರಿಗೂ 2009ರ ಅನಂತರ ಎತ್ತರದ ದಿನ್ನೆಯ ಮೇಲೆ ಹೊಸ ಮನೆಗಳಾದವು. ಸಾಲಾಗಿ, ಒಂದೇ ಅಳತೆಯಲ್ಲಿ ಎದ್ದ ಮನೆಗಳು. ಮುಂದಿನ ಸಲ ನಾನು ಹೋದಾಗ ಅವುಗಳಲ್ಲಿ ಬಹಳಷ್ಟಕ್ಕೆ ಬೀಗ ಬಿದ್ದಿತ್ತು; ಅತ್ತೆ ಮುರಿದ ಗೋಡೆಯನ್ನು ಕಟ್ಟಿಸಿಕೊಂಡು ಹಳೆಯ ಮನೆಯಲ್ಲಿಯೇ ಇದ್ದಳು. “ಯಾಕ ಅತ್ತೀ, ಅಲ್ಲಿಗೆ ಹೋಗಲಿಲ್ಲೇನು?” ಎಂದು ಕೇಳಿದೆ.

“ಆ ಮನ್ಯಾಗ ಎಮ್ಮಿ ಎಲ್ಲಿ ಕಟ್ಟಲಿ? ನನ್ನ ಹಾಸಿಗಿ ಮ್ಯಾಗೇನು?” ಎಂದಳು.

ಓದುಬರಹ ಬಲ್ಲ ನಮಗೆ ಇದು ಹಟವೆಂದು ತೋರುತ್ತದೆ. ನನಗೂ ಆ ಗಳಿಗೆಯಲ್ಲಿ ಹಾಗೆಯೇ ತೋರಿತು. ಆದರೆ ಸ್ವಲ್ಪ ಹೊತ್ತು ಅವಳ ಜೊತೆಯಲ್ಲಿ ಓಣಿಯಲ್ಲಿ ನಡೆದರೆ ಲೆಕ್ಕ ತಿಳಿಯುತ್ತದೆ. ಹೊಲ ಇಲ್ಲಿಗೆ ಹತ್ತಿರ, ಅಲ್ಲಿಗೆ ದೂರ. ಹಿಟ್ಟಿನ ಗಿರಣಿ ಇಲ್ಲಿದೆ. ಹಾಲು ಕೊಳ್ಳುವ ಮನೆಗಳು ಇಲ್ಲಿವೆ. ಮನೆದೇವರ ಕಟ್ಟೆ ಇಲ್ಲಿದೆ. ಕಷ್ಟಕ್ಕೆ ಕೂಗಿದರೆ ಓಗೊಡುವ ನೆರೆಮನೆಯವಳು ಇಲ್ಲಿದ್ದಾಳೆ; ಹೊಸ ಊರಿನಲ್ಲಿ ಅವಳಿಗೆ ಬಿದ್ದ ಮನೆ ಇನ್ನೊಂದು ತುದಿಗೆ. ನೆರೆಯು ಹತ್ತು ವರ್ಷಕ್ಕೊಮ್ಮೆ ಬಂದೀತು; ಎಮ್ಮೆಯನ್ನು ದಿನಕ್ಕೆ ಎರಡು ಸಲ ಕರೆಯಬೇಕು. ಬಡವನ ಲೆಕ್ಕದಲ್ಲಿ ದಿನದ ಕಷ್ಟವೇ ಮುಂದೆ ನಿಲ್ಲುತ್ತದೆ. ದಾರಿ ಬಿಟ್ಟು ನಿಲ್ಲಿರಿ ಎಂದು ಹೇಳುವವರು, ನಿಂತಲ್ಲಿ ಬದುಕು ಸಾಗುತ್ತದೆಯೆ ಎಂಬುದನ್ನೂ ನೋಡಬೇಕು.

2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಬಂದಿತು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದವು. ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದ ಗುಡಿಗಳ ಸುತ್ತ ನೀರು ನಿಂತ ಚಿತ್ರವನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದರು. ಅಣೆಕಟ್ಟಿನಿಂದ ನೀರು ಬಿಡುತ್ತಾರೆಂಬ ಸುದ್ದಿ ಈ ಸಲ ಊರಿಗೆ ಹಗಲಿನಲ್ಲಿಯೇ ತಲುಪಿತ್ತು. ಮೊಮ್ಮಗ ಕರೆಯಲು ಬಂದಾಗ ಎಂಬತ್ತರ ಅತ್ತೆ ಹೊಸ್ತಿಲ ಮೇಲೆ ಕುಳಿತು ಒಂದೇ ಮಾತನ್ನು ಹೇಳಿದಳಂತೆ: “ಮೊದಲ ದನಾ ಬಿಡ್ರಿ. ಆಮ್ಯಾಲ ನನ್ನ ಕರಕೊಂಡ ಹೋಗ್ರಿ.” ದನಗಳನ್ನು ದಿನ್ನೆಗೆ ಹೊಡೆದರು, ಹಿಂದೆಯೇ ಅವಳು ನಡೆದಳು. ಆ ರಾತ್ರಿ ಉಳಿದಿದ್ದ ಅರ್ಧ ಮನೆಯೂ ಹೋಯಿತು. ಊರಿನಲ್ಲಿ ಒಂದು ಜೀವವೂ ಹೋಗಲಿಲ್ಲ.

ಆಮೇಲೆ ಮಗ ಹೊಸ ಮನೆಯ ಪಕ್ಕದಲ್ಲಿ ತಗಡಿನ ಕೊಟ್ಟಿಗೆಯನ್ನು ಹಾಕಿಸಿದನು. ನೆರೆಮನೆಯವರು ಯಾರೊಡನೆಯೋ ಮನೆಯನ್ನು ಅದಲುಬದಲು ಮಾಡಿಕೊಂಡು ಹತ್ತಿರಕ್ಕೆ ಬಂದರು. ಅತ್ತೆ ಅಲ್ಲಿಯೇ ನಿಂತಳು. ಕಾಲಿನಲ್ಲಿ ಬಲವಿರುವವರೆಗೆ ಸೋಮವಾರಕ್ಕೊಮ್ಮೆ ಹಳೆಯ ಕಟ್ಟೆಗೆ ಹೋಗಿ ದೀಪವಿಟ್ಟು ಬರುತ್ತಿದ್ದಳು. ಒಮ್ಮೆ ನಾನು ಹೊಳೆಯ ಮೇಲೆ ಸಿಟ್ಟಾಗಿ ಏನೋ ಅಂದುದಕ್ಕೆ ಅವಳು ನಕ್ಕಳು. “ಅದಕ್ಕ್ಯಾಕ ಬೈತೀಯೋ? ಹೊಳಿ ತನ್ನ ಜಾಗಾ ಕೇಳಾಕ ಬರೂದಿಲ್ಲ, ತಗೊಳ್ಳಾಕ ಬರತೈತಿ. ನಾವ ಸರೀಬೇಕು.”

ಈ ಮಾತನ್ನು ಹಳ್ಳಿಯವರಿಗೆ ಬಿಟ್ಟು ನಾವು ಪಟ್ಟಣಿಗರು ಸುಮ್ಮನಿರುವಂತಿಲ್ಲ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಬ್ಬದ ಮೇಲೆ ಕುಳಿತ ಊರು ಅದು. ಅಂತಹ ಊರು ಮುಳುಗುವುದೆಂದರೆ ನಗೆಯ ವಿಷಯವಾಗಬೇಕಾಗಿತ್ತು. ಆದರೆ 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದೇ ರಾತ್ರಿ 130 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದಾಗ ಕೋಟಿ ಬೆಲೆಯ ಮನೆಗಳಿಂದ ಜನರನ್ನು ದೋಣಿಯಲ್ಲಿ ಕರೆತಂದರು. ಕಂಪ್ಯೂಟರಿನ ಕೆಲಸದವರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. ಒಂದೂವರೆ ವರ್ಷದ ಅನಂತರ, 2024ರ ಮಾರ್ಚಿನಲ್ಲಿ, ಅದೇ ಊರಿನಲ್ಲಿ ಕುಡಿಯುವ ನೀರಿನ ಟ್ಯಾಂಕರಿಗಾಗಿ ಸಾಲು ನಿಂತರು. ಈತಿಬಾಧೆಯ ಮೊದಲೆರಡು ಮುಖಗಳು ಪಟ್ಟಣಕ್ಕೂ ದಾರಿ ಕಂಡುಕೊಂಡವು.

ಕಾರಣ ಕಠಿಣವಾದುದೇನಲ್ಲ. ಹಿಂದಿನವರು ಈ ದಿಬ್ಬದ ಇಳಿಜಾರುಗಳಲ್ಲಿ ಕೆರೆಗಳನ್ನು ಸರಮಾಲೆಯಂತೆ ಕಟ್ಟಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಹೆಚ್ಚು ಬಂದ ಮಳೆಗೆ ಅದು ದಾರಿ. ಕಡಿಮೆ ಬಂದ ವರ್ಷಕ್ಕೆ ಅದೇ ಉಗ್ರಾಣ. ನಾವು ಧರ್ಮಾಂಬುಧಿ ಕೆರೆಯ ಮೇಲೆ ಬಸ್ ನಿಲ್ದಾಣವನ್ನು ಕಟ್ಟಿದೆವು, ಸಂಪಂಗಿ ಕೆರೆಯ ಮೇಲೆ ಕ್ರೀಡಾಂಗಣವನ್ನು ಕಟ್ಟಿದೆವು, ಕಾಲುವೆಗಳ ಮೇಲೆ ನಿವೇಶನಗಳನ್ನು ಎಳೆದೆವು. ಕೆರೆ ಹೋಯಿತು, ಇಳಿಜಾರು ಹೋಗಲಿಲ್ಲ. ಮಳೆಯ ನೀರು ಇಂದಿಗೂ ಹಳೆಯ ವಿಳಾಸಕ್ಕೇ ಬರುತ್ತದೆ. ಅಲ್ಲಿ ಈಗ ಯಾರ ಊಟದ ಮನೆ ಇದೆಯೆಂಬುದನ್ನು ಅದು ವಿಚಾರಿಸುವುದಿಲ್ಲ. ಮಲಪ್ರಭೆಯ ದಂಡೆಯವರಿಗೆ ಎಮ್ಮೆಯ ಚಿಂತೆ, ಹೊಲದ ಚಿಂತೆ ಇತ್ತು. ನೀರಿನ ದಾರಿಯಲ್ಲಿ ಕುಳಿತ ಪಟ್ಟಣಿಗರಿಗೆ ಅಷ್ಟು ಬಲವಾದ ಕಾರಣ ಯಾವುದಿದೆಯೋ ನಾನರಿಯೆ.

ಮುಂಬರುವ ದಿನಗಳು ಹಗುರವಾಗಿರುವಂತೆ ಕಾಣುವುದಿಲ್ಲ. ಭೂಮಿಯ ಉಷ್ಣತೆ ಏರುತ್ತಿದೆ. ಬಿಸಿಯಾದ ಗಾಳಿ ಹೆಚ್ಚು ತೇವವನ್ನು ಹೊರಬಲ್ಲದು. ಒಂದು ಡಿಗ್ರಿ ಏರಿದರೆ ನೂರಕ್ಕೆ ಏಳರಷ್ಟು ಹೆಚ್ಚು. ಹೊತ್ತುದನ್ನು ಅದು ಎಲ್ಲಿಯೋ ಒಂದೆಡೆ ಇಳಿಸಲೇಬೇಕು. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದುವು. 2024ರ ಜುಲೈನಲ್ಲಿ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಬೆಟ್ಟವೇ ಇಳಿಯಿತು, ಅದೇ ತಿಂಗಳ ಕೊನೆಗೆ ವಯನಾಡಿನಲ್ಲಿ ಊರುಗಳು ರಾತ್ರೋರಾತ್ರಿ ಕೊಚ್ಚಿಹೋದವು. ಈ ಏರಿಕೆಯಲ್ಲಿ ಮನುಷ್ಯನ ಹೊಗೆಯ ಪಾಲು ದೊಡ್ಡದು. ಹತೋಟಿಗೆ ತೆಗೆದುಕೊಳ್ಳುವ ಶಕ್ತಿ ನಮಗೆ ಬರಲಿಲ್ಲ. ಕೆಣಕುವ ಶಕ್ತಿ ಮಾತ್ರ ಧಾರಾಳವಾಗಿ ಬಂದಿತು.

ಇದನ್ನೆಲ್ಲ ಓದಿ ಯಾರೂ ಎದೆಗುಂದಬೇಕಾಗಿಲ್ಲ. ಹತ್ತು ಸಾವಿರವಿದ್ದ ಸಾವು ಐವತ್ತಕ್ಕಿಳಿದುದು ನಮ್ಮ ದೇಶದಲ್ಲಿಯೇ, ನಮ್ಮ ಕಾಲದಲ್ಲಿಯೇ, ನಮ್ಮಂಥ ಸಾಮಾನ್ಯರಿಂದಲೇ. ಮಳೆಗಾಲಕ್ಕೆ ಮೊದಲು ಮಾಡಬಹುದಾದ ಒಂದು ಚಿಕ್ಕ ಕೆಲಸವಿದೆ. ನಿಮ್ಮ ಬಡಾವಣೆಯಲ್ಲಿ ಅತ್ಯಂತ ಹಿರಿಯರಾದವರೊಬ್ಬರನ್ನು ಹುಡುಕಿ, ಅವರ ಚಿಕ್ಕಂದಿನಲ್ಲಿ ಇಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಿರಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಆ ಹಿರಿಯರು ಕೋಲಿನಿಂದ ತೋರಿಸುವ ಗೆರೆ ನಿಮ್ಮ ಮನೆಯ ಬಾಗಿಲಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಅಳೆದುಕೊಳ್ಳಿರಿ.